ಅಪ್‌ಡೇಟ್: ಸತ್ತ ಪ್ರಾಕ್ಸಿಗಳನ್ನೂ ‘ಸರಿಯಿದೆ’ ಎನ್ನುತ್ತಿದ್ದ ಪೈಥಾನ್ ಸ್ಕ್ರಿಪ್ಟ್

ಪಟ್ಟಿಯಲ್ಲಿರುವ 40 ಪ್ರಾಕ್ಸಿಗಳೂ (ನಮ್ಮ ಪರವಾಗಿ ಜಾಲತಾಣಗಳನ್ನು ಸಂಪರ್ಕಿಸುವ ಮಧ್ಯವರ್ತಿ ಸರ್ವರ್‌ಗಳು) ಸರಿಯಾಗಿವೆ ಎಂದು ಅವನ್ನು ಪರೀಕ್ಷಿಸುವ ನನ್ನ ಸ್ಕ್ರಿಪ್ಟ್ ಹೇಳುತ್ತಿದೆ, ನಂಬಬಹುದೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ನಂಬಬಾರದಿತ್ತು. ಯಾವ ಬಗೆಯ ವಿಳಾಸಕ್ಕೆ ಯಾವ ಪ್ರಾಕ್ಸಿ ಎಂದು ಹೇಳುವ ಡಿಕ್ಷನರಿಯಲ್ಲಿ (ಪೈಥಾನ್‌ನ ಕೀ-ಮೌಲ್ಯ ಜೋಡಿಗಳ ಪಟ್ಟಿ) ‘ಎಚ್‌ಟಿಟಿಪಿ’ ಎಂಬ ಒಂದೇ ಕೀ ಕೊಟ್ಟಿದ್ದೆ. ಪರೀಕ್ಷೆಗೆ ಬಳಸಿದ ವಿಳಾಸವೋ ‘ಎಚ್‌ಟಿಟಿಪಿಎಸ್’. ಹಾಗಾಗಿ ವೆಬ್ ವಿಳಾಸಗಳನ್ನು ಸಂಪರ್ಕಿಸಲು ಬಳಸಿದ ರಿಕ್ವೆಸ್ಟ್ಸ್ ಲೈಬ್ರರಿ ಪ್ರಾಕ್ಸಿಯ ಗೊಡವೆಗೇ ಹೋಗದೆ, ಜಯನಗರದ ನಮ್ಮ ಮನೆಯ ಬ್ರಾಡ್‌ಬ್ಯಾಂಡ್‌ನಿಂದ ನೇರವಾಗಿ ಹೋಗಿಬರುತ್ತಿತ್ತು. ಉತ್ತರವಾಗಿ ಮರಳಿ ಬಂದ ಐಪಿಯನ್ನು (ಸಂಪರ್ಕ ಎಲ್ಲಿಂದ ಬಂತೆಂದು ತೋರಿಸುವ ಅಂತರ್ಜಾಲ ವಿಳಾಸ) ತೆರೆಯ ಮೇಲೆ ಮೂಡಿಸಿದಾಗ ನಲವತ್ತು ಸಾಲಿನಲ್ಲೂ ನಮ್ಮ ಮನೆಯದೇ ವಿಳಾಸ!

ಎರಡೂ ಕೀ ಕೊಟ್ಟ ಮೇಲೆ ಉಳಿದದ್ದು ಮೂರೇ ಪ್ರಾಕ್ಸಿ. ಟೈಮ್‌ಔಟ್ 5 ಸೆಕೆಂಡ್ ಎಂದೂ ಬರೆದೆ. ಈ ಲೈಬ್ರರಿ ತಾನಾಗಿ ಕಾಲಮಿತಿ ಹಾಕುವುದಿಲ್ಲ; ಉತ್ತರಿಸದ ಒಂದು ಸರ್ವರ್ ಇಡೀ ಸ್ಕ್ರಿಪ್ಟನ್ನು ಹಿಡಿದು ಕೂರಿಸುತ್ತದೆ. ಈಗ ಒಂದೇ ಸಲಕ್ಕೆ ನಡೆಯುವ ಹತ್ತು ಥ್ರೆಡ್‌ಗಳಲ್ಲಿ ಓಡಿಸುತ್ತಿದ್ದೇನೆ, ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ‘ಮೊದಲು ಐಪಿ ನೋಡಿ’ ಎಂದವರಿಗೆ ಮನಸಾರೆ ಕೃತಜ್ಞತೆ.