ಸಹಾಯ ಬೇಕು: ತೋಟದ ಕೆಸರಿಗೆ ಮೊದಲ ಆರ್‌ಸಿ (ರಿಮೋಟ್ ಕಂಟ್ರೋಲ್) ಟ್ರಕ್ ಯಾವುದು ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಊರು ಮೂಡಿಗೆರೆ ಹತ್ತಿರ. ಮಗನಿಗೆ ಕೊಡಿಸಿದ್ದ ಆಟಿಕೆ ರಿಮೋಟ್ ಕಾರು ಮೂರೇ ವಾರಕ್ಕೆ ನಿಂತುಹೋಯ್ತು. ಬಿಚ್ಚಿ ನೋಡಿದರೆ ಉಗುರಿನಷ್ಟು ಪ್ಲಾಸ್ಟಿಕ್ ಗೇರು, ಅದರ ಎರಡು ಹಲ್ಲು ಮುರಿದಿತ್ತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಅವನ ಸಪ್ಪೆ ಮುಖ ನೋಡಿ ನಿಜಕ್ಕೂ ಬೇಜಾರಾಯ್ತು. ಅದಕ್ಕೇ ಈ ಸಲ ನಾವೇ ರಿಪೇರಿ ಮಾಡಿಕೊಂಡು ವರ್ಷಗಟ್ಟಲೆ ಓಡಿಸುವಂಥ ಹಾಬಿ ಗ್ರೇಡ್ ಟ್ರಕ್ಕೇ ತಗೊಳ್ಳೋಣ ಅಂತಿದೀನಿ.

ಓಡಿಸೋದು ಕಾಫಿ ಒಣಗಿಸುವ ಕಣದಲ್ಲಿ, ತೋಟದ ಮಣ್ಣು ದಾರಿಯಲ್ಲಿ. ನಿಜವಾದ ಗಾಡಿಯ 1/10 ಅಳತೆಯ ಟ್ರಾಕ್ಸಾಸ್ ಸ್ಲ್ಯಾಷ್, ಟೂ ವೀಲ್ ಡ್ರೈವ್ ನೋಡಿಟ್ಟಿದ್ದೇನೆ. ಹೊಸಬರಿಗೆ ಬ್ರಷ್ಡ್ ಮೋಟರ್ (ಒಳಗೆ ಇಂಗಾಲದ ಬ್ರಷ್ ಇರುವ ಸರಳ ಮೋಟರ್) ಸಾಕು ಅನ್ನೋದು ನನ್ನ ಲೆಕ್ಕ: ಬೆಲೆ ಕಡಿಮೆ, ವೇಗವೂ ಹಿಡಿತದಲ್ಲಿರುತ್ತೆ. ಆದರೆ ನಮ್ಮ ಏರು, ಜೂನ್ ತಿಂಗಳ ಕೆಸರು ನೆನೆಸಿಕೊಂಡರೆ ಫೋರ್ ವೀಲ್ ಡ್ರೈವೇ ಬೇಕೇನೋ ಅನ್ಸುತ್ತೆ. ಮಲೆನಾಡಲ್ಲಿ ಓಡಿಸಿದವರು ದಯವಿಟ್ಟು ಹೇಳಿ.

ಎಲೆಕ್ಟ್ರಾನಿಕ್ಸ್ ವಾಟರ್‌ಪ್ರೂಫ್ ಆದರೂ ಬೇರಿಂಗ್ ತುಕ್ಕು ಹಿಡಿಯುತ್ತಲ್ಲ, ಒದ್ದೆಯಲ್ಲಿ ಓಡಿಸಿದ ದಿನ ಚಕ್ರ ಬಿಚ್ಚಿ ಒಣಗಿಸಿ ಎಣ್ಣೆ ಬಿಟ್ಟರೆ ಸಾಕಾ?

ದೊಡ್ಡ ಚಿಂತೆ ಬ್ಯಾಟರಿದು. 2ಎಸ್ ಲಿಪೋವನ್ನ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ) ಫುಲ್ ಚಾರ್ಜಲ್ಲಿ ದಿನಗಟ್ಟಲೆ ಇಡಬಾರದು, ಸೆಲ್ಲಿಗೆ ಸುಮಾರು 3.8 ವೋಲ್ಟಿಗೆ ಇಳಿಸಿಡಬೇಕು. ಅಂದ್ರೆ ಓಡಿಸುವ ಹೊತ್ತಿಗೇ ಚಾರ್ಜ್ ಮಾಡಬೇಕು, ಆದರೆ ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಎರಡು ದಿನ ಬರಲ್ಲ. ಜೀಪಿನ 12 ವೋಲ್ಟ್ ಬ್ಯಾಟರಿಗೆ ಸಿಕ್ಕಿಸುವ ಬ್ಯಾಲೆನ್ಸ್ ಚಾರ್ಜರ್ (ಎಲ್ಲ ಸೆಲ್ಲನ್ನೂ ಸಮವಾಗಿ ಚಾರ್ಜ್ ಮಾಡುವಂಥದ್ದು) ಬಳಸ್ತಿರೋರು ಯಾರಾದ್ರೂ ಇದ್ದೀರಾ? ಯಾವುದು ಅಂತ ತಿಳಿಸಿ.

ಚಿಕ್ಕಮಗಳೂರು, ಹಾಸನದ ಕಡೆ ಯಾರ ಹತ್ತಿರವಾದ್ರೂ ಇದ್ದರೆ ಒಂದು ಭಾನುವಾರ ಮಗನನ್ನ ಕರ್ಕೊಂಡು ಬಂದು ನೋಡ್ತೀವಿ.