ಇನಾರಿ ಸರೋವರದ ದಡದಲ್ಲಿ ಆರು ರಾತ್ರಿ: ಡೇರೆಯೋ, ಕ್ಯಾಬಿನ್ನೋ?

ದೂರದಾರಿ (ಪ್ರಶ್ನೆ)

ನಮಸ್ಕಾರ. ಫಿನ್ಲೆಂಡಿನ ಲ್ಯಾಪ್ಲೆಂಡಿನಲ್ಲಿ, ಆರ್ಕ್ಟಿಕ್ ವೃತ್ತವನ್ನು ದಾಟಿ ಇನ್ನೂ ಬಹಳ ಉತ್ತರಕ್ಕಿರುವ ಇನಾರಿ ಸರೋವರದ ದಡದಲ್ಲಿ ನಾನೂ ನನ್ನ ಗೆಳೆಯನೂ ಆರು ರಾತ್ರಿ ತಂಗಬೇಕೆಂದಿದ್ದೇವೆ. ಕಾರು ಬಾಡಿಗೆಗೆ ಪಡೆಯುವಷ್ಟು ಹಣ ನಮ್ಮಲ್ಲಿಲ್ಲ. ಉಳಿತಾಯದ ಬಹುಪಾಲು ಪ್ರಯಾಣಕ್ಕೇ ಹೋಗುತ್ತದೆ. ಅಲ್ಲಿಯ ಕಾಡಿನಲ್ಲಿ ಡೇರೆ ಹಾಕಲು ಹಣ ಕೊಡಬೇಕಾಗಿಲ್ಲವೆಂದೂ, ಬಾಗಿಲಿಗೆ ಬೀಗವೇ ಇಲ್ಲದ ಮರದ ಗುಡಿಸಲುಗಳು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತವೆಂದೂ ಓದಿದ್ದೇನೆ. ಹಾಗಿದ್ದರೆ ಕ್ಯಾಬಿನ್ನಿಗೆ ಒಂದು ಯೂರೋ ಕೂಡ ಕೊಡದೆ ಆರೂ ರಾತ್ರಿಗಳನ್ನು ಕಳೆಯಲು ಸಾಧ್ಯವೇ? ಮಧ್ಯರಾತ್ರಿಯ ಸೂರ್ಯನನ್ನು ನೋಡುವ ಆಸೆಯಿಂದ ಜುಲೈ ಮೊದಲ ವಾರವನ್ನು ಆರಿಸಿಕೊಂಡಿದ್ದೇವೆ. ಡೇರೆಯಲ್ಲಿ ಮಲಗಿ ಇಬ್ಬರಿಗೂ ಅಭ್ಯಾಸವಿದೆ, ಆದರೆ ಇಷ್ಟು ಉತ್ತರಕ್ಕೆ ಇಬ್ಬರೂ ಹೋಗಿಲ್ಲ.

ಒದ್ದೆಬೂಟು

ಸಾಧ್ಯವಿದೆ. ಆದರೆ ಉಚಿತ ಗುಡಿಸಲನ್ನು ನಂಬಿ ಡೇರೆಯನ್ನು ಬಿಟ್ಟು ಹೋಗುವ ಯೋಚನೆಯಿದ್ದರೆ ಅದನ್ನು ಈಗಲೇ ಕೈಬಿಡಿ.

ನೀವು ಓದಿದ್ದು 'ಔಟಿಟುಪಾ' ಎಂಬ ಗುಡಿಸಲುಗಳ ಬಗ್ಗೆ. ಸರ್ಕಾರಿ ಕಾಡುಗಳನ್ನು ನೋಡಿಕೊಳ್ಳುವ ಮೆಟ್ಸಾಹಲ್ಲಿಟುಸ್ ಸಂಸ್ಥೆ ಇವುಗಳನ್ನು ಇಟ್ಟುಕೊಂಡಿರುವುದು ಕಾಡಿನಲ್ಲಿ ನಡೆಯುವವರು, ಸ್ಕೀ ಮಾಡುವವರು, ದೋಣಿಯಲ್ಲಿ ಬರುವವರು ಒಂದೆರಡು ರಾತ್ರಿ ತಂಗಿ ಮುಂದೆ ಹೋಗಲಿ ಎಂದು. ಅಲ್ಲಿ ನಡೆಯುವ ನಿಯಮ ನಮ್ಮ ಊಹೆಗೆ ತದ್ವಿರುದ್ಧ: ಮೊದಲು ಬಂದವನಿಗಲ್ಲ, ಕೊನೆಗೆ ಬಂದವನಿಗೆ ಜಾಗದ ಹಕ್ಕು. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ನೆನೆದು ನಾಲ್ವರು ಬಾಗಿಲು ತಳ್ಳಿದರೆ, ಆಗಲೇ ವಿಶ್ರಾಂತಿ ಪಡೆದಿರುವ ನೀವು ಸರಿದು ಜಾಗ ಮಾಡಿಕೊಡಬೇಕು. ಜಾಗ ಸಾಲದಿದ್ದರೆ ಹೊರಗೆ ಡೇರೆ ಹಾಕಿಕೊಳ್ಳಬೇಕಾದವರು ನೀವು, ಅವರಲ್ಲ. ಬೀಗವಿರುವ 'ವರೌಸ್ಟುಪಾ' ಬೇರೆ. ಅದನ್ನು ಹಣ ಕೊಟ್ಟು ಮುಂಗಡವಾಗಿ ಕಾದಿರಿಸಿ ಕೀಲಿಕೈ ಪಡೆಯಬೇಕು.

ಒಳಗೆ ಹಲಗೆಯ ಮಂಚ, ಕಬ್ಬಿಣದ ಒಲೆ, ಮೇಜು, ಅತಿಥಿಗಳು ಹೆಸರು ಬರೆಯುವ ಪುಸ್ತಕ. ಹೊರಗೆ ಸೌದೆ ಮನೆ ಮತ್ತು ಒಣ ಶೌಚಾಲಯ. ಇಷ್ಟೇ. ನಾನು ತಂಗಿದ್ದ ಗುಡಿಸಲಿನಲ್ಲಿ ಹಿಂದಿನವರು ಒಲೆಯ ಪಕ್ಕದಲ್ಲಿ ಬೆರಳು ಗಾತ್ರದ ಚಕ್ಕೆಗಳನ್ನೂ ಒಂದು ಸುರುಳಿ ಬರ್ಚ್ ತೊಗಟೆಯನ್ನೂ ಜೋಡಿಸಿಟ್ಟು ಹೋಗಿದ್ದರು. ಕೈ ಮರಗಟ್ಟಿದ್ದಾಗ ಒಂದೇ ಕಡ್ಡಿಗೆ ಬೆಂಕಿ ಹತ್ತಿದ್ದು ಅದರಿಂದಲೇ. ಹೊರಡುವಾಗ ನೀವೂ ಹಾಗೆಯೇ ಸಿಗಿದಿಟ್ಟು ಹೋಗಬೇಕು. ಅದೇ ಅಲ್ಲಿಯ ಬಾಡಿಗೆ ಎಂದುಕೊಳ್ಳಿ.

ಇನ್ನು ತಿಂಗಳ ವಿಚಾರ. ಇನಾರಿಯಲ್ಲಿ ಮೇ ಕೊನೆಯ ಭಾಗದಿಂದ ಜುಲೈ ಇಪ್ಪತ್ತರ ಆಚೀಚೆಯವರೆಗೆ ಸೂರ್ಯ ಮುಳುಗುವುದಿಲ್ಲ, ಅದು ನಿಜ. ಆದರೆ ಸೊಳ್ಳೆಗಳೂ ಅದೇ ಹೊತ್ತಿಗೆ ಏಳುತ್ತವೆ, ಅವುಗಳ ಹಿಂದೆಯೇ ನೊರಜುಗಳೂ ಬರುತ್ತವೆ. ಆ ಹಾವಳಿಗೆ ಫಿನ್ನಿಷ್ ಭಾಷೆಯಲ್ಲಿ 'ರಾಕ್ಕಾ' ಎಂಬ ಪ್ರತ್ಯೇಕ ಹೆಸರೇ ಇದೆ ಎಂದ ಮೇಲೆ ನೀವೇ ಊಹಿಸಿಕೊಳ್ಳಿ. ಆಗಸ್ಟ್ ಕೊನೆಗೆ ಹೋದರೆ ಹಿಮಸಾರಂಗಗಳಿವೆ, ಬ್ಲೂಬೆರಿ ಹಣ್ಣುಗಳಿವೆ, ಕತ್ತಲೆಯೂ ಮರಳಿರುತ್ತದೆ; ಮೋಡವಿಲ್ಲದ ರಾತ್ರಿ ಧ್ರುವಪ್ರಭೆ ಕಾಣುವ ಅವಕಾಶವೂ ಉಂಟು. ಸೆಪ್ಟೆಂಬರ್ ಎರಡನೆಯ ವಾರದ ಹೊತ್ತಿಗೆ 'ರುಸ್ಕಾ', ಅಂದರೆ ಎಲೆಗಳು ಕೆಂಪು ಹಳದಿಗೆ ತಿರುಗುವ ಕಾಲ. ಆಗ ಜನ ಹೆಚ್ಚು, ರಾತ್ರಿ ಸೊನ್ನೆಗಿಂತ ಕೆಳಗಿಳಿಯುವ ಚಳಿಯೂ ಹೆಚ್ಚು.

ನೀರಕ್ಕಿ

ಒದ್ದೆಬೂಟು ಅವರ ಮಾತನ್ನು ಬಹುತೇಕ ಒಪ್ಪುತ್ತೇನೆ, ಆದರೆ ಆರೂ ರಾತ್ರಿ ಹಣ ಕೊಡದೆ ಕಳೆಯುವುದನ್ನೇ ಗುರಿಯಾಗಿಟ್ಟುಕೊಳ್ಳುವುದು ತಪ್ಪು ಲೆಕ್ಕವೆಂದು ನನ್ನ ಅಭಿಪ್ರಾಯ. ನಾನು ಹಾಗೆ ಹೋದವಳು. ಮೂರನೆಯ ದಿನ ಬೆಳಿಗ್ಗೆಯಿಂದ ಸಣ್ಣ ಮಳೆ ಹಿಡಿದು, ನಾಲ್ಕನೆಯ ದಿನ ಸ್ಲೀಪಿಂಗ್ ಬ್ಯಾಗಿನ ಕಾಲ ಬಳಿಯ ಭಾಗ ಹಿಂಡಿದರೆ ನೀರು ಬರುವಷ್ಟಾಯಿತು. ಐದನೆಯ ರಾತ್ರಿ ಮುಂಗಡವಿಲ್ಲದೆ ಹೋಗಿ ಕೇಳಿದಾಗ ಕಡಿಮೆ ದರದ ಕೋಣೆಗಳೆಲ್ಲ ಹೋಗಿದ್ದವು; ಉಳಿದಿದ್ದ ದೊಡ್ಡ ಕ್ಯಾಬಿನ್ನಿಗೆ ತೆತ್ತ ಹಣದಲ್ಲಿ ಮೊದಲೇ ಎರಡು ರಾತ್ರಿಯ ಸಣ್ಣ ಕೋಣೆ ಕಾದಿರಿಸಬಹುದಿತ್ತು.

ಆದ್ದರಿಂದ ಎರಡು ರಾತ್ರಿ ಡೇರೆ, ನಡುವೆ ಒಂದು ರಾತ್ರಿ ಕ್ಯಾಂಪಿಂಗ್ ತಾಣದ ಸಾದಾ ಮರದ ಕೋಣೆ, ಮತ್ತೆ ಡೇರೆ ಎಂದು ಯೋಜಿಸಿಕೊಳ್ಳಿ. ಇಂಥ ಕೋಣೆಯಲ್ಲಿ ಮಂಚ, ದೀಪ, ಹೀಟರ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಅಡುಗೆಮನೆ, ಸ್ನಾನಗೃಹ, ಸೌನಾ (ಬಿಸಿ ಹಬೆಯ ಸ್ನಾನದ ಕೋಣೆ) ಎಲ್ಲರಿಗೂ ಸೇರಿದ್ದು. ಬಾಡಿಗೆ ಸಾಮಾನ್ಯವಾಗಿ ಕೋಣೆಗೇ ಹೊರತು ತಲೆಗಲ್ಲ, ಆದ್ದರಿಂದ ಇಬ್ಬರು ಹಂಚಿಕೊಂಡರೆ ಹೊರೆ ಅರ್ಧವಾಗುತ್ತದೆ. ಆದರೆ ಕಾದಿರಿಸುವ ಮೊದಲು ಎರಡು ವಿಷಯಗಳನ್ನು ಗಮನವಿಟ್ಟು ಓದಿ. ಹಾಸಿಗೆಯ ಬಟ್ಟೆ, ಟವೆಲ್ ಸಾಮಾನ್ಯವಾಗಿ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಕೆಲವು ಕಡೆ ಸ್ಲೀಪಿಂಗ್ ಬ್ಯಾಗನ್ನು ಬರಿಯ ಹಾಸಿಗೆಯ ಮೇಲೆ ಹಾಸಲು ಬಿಡುವುದಿಲ್ಲ, ಆದ್ದರಿಂದ ಒಂದು ತೆಳು ಹೊದಿಕೆ ಮತ್ತು ದಿಂಬಿನ ಚೀಲ ಜೊತೆಗಿರಲಿ. ಎರಡನೆಯದು ಕೊನೆಯ ಶುಚಿಗೊಳಿಸುವಿಕೆ: ಹೊರಡುವ ಮುನ್ನ ನೆಲ ಒರೆಸಿ, ಪಾತ್ರೆ ತೊಳೆದು, ಕಸ ಹೊರಹಾಕುವುದು ತಂಗಿದವರ ಕೆಲಸ. ಮಾಡದಿದ್ದರೆ ಅದಕ್ಕೆ ಪ್ರತ್ಯೇಕ ಶುಲ್ಕ, ಅದೂ ಅಗ್ಗದ ಕೋಣೆಯ ಉಳಿತಾಯವನ್ನು ನುಂಗುವಂಥದ್ದು.

ಜುಲೈ ಬೇಡವೆನ್ನಲು ನನಗೆ ಮನಸ್ಸಿಲ್ಲ. ರಾತ್ರಿ ಎರಡಕ್ಕೆ ಡೇರೆಯ ಬಟ್ಟೆ ಹಳದಿಯಾಗಿ ಹೊಳೆಯುತ್ತಿರುವಾಗ, ಹೊರಗೆ ಯಾರೋ ಚಿಟಿಕೆ ಹೊಡೆಯುತ್ತ ಸುತ್ತುತ್ತಿರುವಂತೆ ಟಿಕ್ ಟಿಕ್ ಸದ್ದು ಕೇಳಿ ನಾವು ಉಸಿರು ಬಿಗಿಹಿಡಿದು ಕುಳಿತಿದ್ದೆವು. ನೋಡಿದರೆ ಮೂರು ಹಿಮಸಾರಂಗಗಳು. ನಡೆಯುವಾಗ ಅವುಗಳ ಕಾಲಿನ ಸ್ನಾಯುರಜ್ಜು ಮೂಳೆಯ ಮೇಲೆ ಜಾರಿ ಹಾಗೆ ಸದ್ದಾಗುತ್ತದಂತೆ. ಸೊಳ್ಳೆಗೆ ತಲೆಯ ಮೇಲೆ ಇಳಿಬಿಡುವ ಬಲೆ ತೆಗೆದುಕೊಳ್ಳಿ, ಡೇರೆಯನ್ನು ನೀರಿನೊಳಕ್ಕೆ ಚಾಚಿದ, ಗಾಳಿಯಾಡುವ ನೆಲದಲ್ಲಿ ಹಾಕಿ, ಕಣ್ಣಿಗೆ ಕಪ್ಪು ಪಟ್ಟಿ ಮರೆಯಬೇಡಿ.

ನಕ್ಷೆಮೋಹಿ

ಯಾರೂ ಹೇಳದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಬೇರೆಯವರ ನೆಲದಲ್ಲೂ ಯಾರು ಬೇಕಾದರೂ ಓಡಾಡಬಹುದೆನ್ನುವ ಫಿನ್ಲೆಂಡಿನ 'ಪ್ರತಿಯೊಬ್ಬರ ಹಕ್ಕು' ನಿಮಗೆ ಡೇರೆ ಹಾಕಲು ಅವಕಾಶ ಕೊಡುತ್ತದೆ, ಬೆಂಕಿ ಹಾಕಲು ಅಲ್ಲ. ಬೇರೆಯವರ ನೆಲದಲ್ಲಿ ಬೆಂಕಿ ಮಾಡಲು ಒಡೆಯನ ಅನುಮತಿ ಬೇಕು. ಕಾಡ್ಗಿಚ್ಚಿನ ಎಚ್ಚರಿಕೆ ಜಾರಿಯಲ್ಲಿದ್ದರೆ ಅನುಮತಿಯಿದ್ದರೂ ಬಯಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ಆದ್ದರಿಂದ ಅಡುಗೆಗೆ ಗ್ಯಾಸ್ ಒಲೆಯೇ ಇರಲಿ. ಮನೆಗಳ ಅಂಗಳದಿಂದ ದೂರವಿರಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ನಿಯಮ ಬಿಗಿ. ಪಕ್ಕದ ಲೆಮ್ಮೆನ್‌ಯೋಕಿಗೆ ಹೋಗುವುದಾದರೆ ಅಲ್ಲಿ ಎಲ್ಲೆಲ್ಲಿ ಡೇರೆ ಹಾಕಬಹುದೆಂದು ಮೊದಲೇ ನೋಡಿಕೊಳ್ಳಿ.

ಇನಾರಿ 1,000 ಚದರ ಕಿಲೋಮೀಟರಿಗೂ ದೊಡ್ಡ ಸರೋವರ, 3,000ಕ್ಕೂ ಹೆಚ್ಚು ದ್ವೀಪಗಳು. ಕಡಲಿನಂತೆ ಅಲೆ ಏಳುತ್ತದೆ. ದೋಣಿಯಿಂದ ಮಾತ್ರ ತಲುಪಬಹುದಾದ ಗುಡಿಸಲುಗಳ ಚಿತ್ರ ನೋಡಿ ಮರುಳಾಗಿ ಬಾಡಿಗೆ ದೋಣಿಯೇರಿದವರು ಗಾಳಿ ಇಳಿಯುವವರೆಗೆ ದ್ವೀಪದಲ್ಲೇ ಕಾಯಬೇಕಾಗುತ್ತದೆ, ಮರಳುವ ಬಸ್ಸು ಹೊರಟುಹೋಗುತ್ತದೆ. ನಡೆದು ಹೋಗುವುದಾದರೆ ಇನಾರಿ ಊರಿನಿಂದಲೇ ಪಿಯೆಲ್ಪಯಾರ್ವಿ ಎಂಬ ಸಣ್ಣ ಸರೋವರಕ್ಕೆ ಕಾಲುದಾರಿಯಿದೆ. ಅಲ್ಲಿ 1760ರಲ್ಲಿ ಕಟ್ಟಿದ ಮರದ ಚರ್ಚ್ ರಸ್ತೆಯೇ ಇಲ್ಲದ ಬಯಲಿನಲ್ಲಿ ಒಂಟಿಯಾಗಿ ನಿಂತಿದೆ. ಕಾರಿಲ್ಲದವರಿಗೆ ಅದೇ ಸರಿಯಾದ ದಾರಿ.

ದೂರದಾರಿ

ಮೂವರಿಗೂ ಧನ್ಯವಾದಗಳು. ಗೆಳೆಯನೊಂದಿಗೆ ಮಾತನಾಡಿ ಆಗಸ್ಟ್ ಕೊನೆಯ ವಾರಕ್ಕೆ ಬದಲಿಸಿದ್ದೇವೆ; ಸೂರ್ಯನ ಆಸೆ ಬಿಟ್ಟಿದ್ದಕ್ಕೆ ಅವನಿಗೆ ಸ್ವಲ್ಪ ಬೇಸರವಿದೆ. ಮೂರನೆಯ ರಾತ್ರಿಗೆ ಇನಾರಿ ಊರಿನಲ್ಲಿ ಸಣ್ಣ ಕೋಣೆ ಕಾದಿರಿಸಿದ್ದಾಯಿತು. ರೊವಾನಿಯೆಮಿಯವರೆಗೆ ರೈಲು, ಅಲ್ಲಿಂದ ಬಸ್ಸು. ಗ್ಯಾಸ್ ಡಬ್ಬಿಯನ್ನು ಎಲ್ಲಿ ಕೊಳ್ಳಬೇಕು?

ಒದ್ದೆಬೂಟು

ವಿಮಾನದಲ್ಲಿ ಡಬ್ಬಿ ಒಯ್ಯುವಂತಿಲ್ಲ, ಒಲೆ ಮಾತ್ರ, ಅದೂ ಇಂಧನದ ವಾಸನೆಯಿಲ್ಲದಂತೆ. ರೊವಾನಿಯೆಮಿಯಲ್ಲಿ ಬಸ್ಸಿಗೆ ಮುಂಚೆ ಸಮಯವಿದ್ದರೆ ಅಲ್ಲಿಯೇ ಕೊಂಡುಬಿಡಿ. ಮುಂದೆ ಐದು ಗಂಟೆಯ ದಾರಿ, ಇನಾರಿ ತಲುಪುವ ಹೊತ್ತಿಗೆ ಅಂಗಡಿ ಮುಚ್ಚಿದ್ದರೆ ಆ ರಾತ್ರಿಯ ಊಟ ತಣ್ಣಗಿನ ಬ್ರೆಡ್ಡೇ. ನಿಮ್ಮ ಒಲೆ ತಿರುಪಿನ ಡಬ್ಬಿಯದೋ, ಚುಚ್ಚುವ ಡಬ್ಬಿಯದೋ ನೋಡಿಕೊಳ್ಳಿ. ಇನ್ನೊಂದು ಮಾತು: ನಸುಕಿನ ಚಳಿಯಲ್ಲಿ ಬರಿ ಬ್ಯೂಟೇನ್ ಸರಿಯಾಗಿ ಉರಿಯುವುದಿಲ್ಲ, ಪ್ರೊಪೇನ್ ಬೆರೆತ ಡಬ್ಬಿಯನ್ನೇ ಕೇಳಿ, ಮಲಗುವಾಗ ಅದನ್ನು ಡೇರೆಯ ಹೊರ ಮುಖಮಂಟಪದಲ್ಲಿ ಬಟ್ಟೆ ಸುತ್ತಿಡಿ.