ದಸರಾ ರಜೆಗೆ ನಮ್ಮ ತುಂಗಭದ್ರಾ ಎಡದಂಡೆ ಕಡೆ ಬಾ ಮಗಳೇ

ಹಲೋ, ಕೇಳಿಸುತ್ತಿದೆಯಾ? ಗಂಗಾವತಿ ಚಿಕ್ಕಮ್ಮ ಮಾತಾಡುತ್ತಿದ್ದೇನೆ. ಟೈಪ್ ಮಾಡಲು ಕೂತರೆ ನನಗೆ ಬೆಳಗಾಗುತ್ತದೆ, ಅದಕ್ಕೆ ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಮಧ್ಯೆ ಕುಕ್ಕರ್ ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ.

ನಿನ್ನೆ ನಮ್ಮ ಮನೆಯವರ ಗ್ರೂಪಿನಲ್ಲಿ ಬೆಂಗಳೂರು ಮಗಳು ಕೇಳಿದ್ದಳಲ್ಲ. ದಸರಾಕ್ಕೆ ಮೂರು ದಿನ ರಜೆ ಇದೆ, ಬೆಂಗಳೂರು ಬಿಟ್ಟು ಎಲ್ಲಾದರೂ ಹಳ್ಳಿ ಕಡೆ ಕಾರಿನಲ್ಲಿ ಹೋಗಬೇಕು, ಇಬ್ಬರು ಮಕ್ಕಳು, ಜೊತೆಗೆ ಮಂಡಿ ನೋವಿನ ಅತ್ತೆ, ಎಲ್ಲಿಗೆ ಹೋಗಲಿ ಅಂತ. ಬಂದ ಉತ್ತರ ಎಲ್ಲಾ ಒಂದೇ. ಕೊಡಗು, ಚಿಕ್ಕಮಗಳೂರು, ಸಕಲೇಶಪುರ. ಕೊಪ್ಪಳದಲ್ಲೇ ಹುಟ್ಟಿ ಬೆಳೆದ ನಮ್ಮ ಭಾವ ಕೂಡ "ನಮ್ಮ ಕಡೆ ಏನಿದೆ, ಬರೀ ಕಲ್ಲು, ಬಿಸಿಲು" ಅಂತ ಬರೆದು ಕೆಳಗೆ ನಗುವ ಮುಖ ಹಾಕಿದ್ದಾರೆ. ಭಾವ, ನೀವು ಕೊಪ್ಪಳ ಬಸ್ ಸ್ಟ್ಯಾಂಡ್ ಬಿಟ್ಟು ಆಚೆ ನೋಡಿ ಎಷ್ಟು ವರ್ಷ ಆಯಿತು ಹೇಳಿ.

ಮಗಳೇ, ನೀನು ನಮ್ಮ ಕಡೆ ಬಂದಿದ್ದೆಲ್ಲಾ ಯಾವಾಗ, ಒಮ್ಮೆ ಲೆಕ್ಕ ಹಾಕು. ಮದುವೆ, ಗೃಹಪ್ರವೇಶ, ಅಜ್ಜಿಯ ದಿನ. ಎಲ್ಲಾ ಏಪ್ರಿಲ್, ಮೇ. ರಾತ್ರಿ ಬಸ್ಸಿನಲ್ಲಿ ಬಂದೆ, ಕಲ್ಯಾಣ ಮಂಟಪದಲ್ಲಿ ಕೂಲರ್ ಮುಂದೆ ಕೂತೆ, ಉಂಡೆ, ರಾತ್ರಿ ಬಸ್ಸಿಗೆ ವಾಪಸ್. ಹಾಗೆ ಬಂದು ಹೋದರೆ ಕಲ್ಲು, ಬಿಸಿಲು ಬಿಟ್ಟು ಇನ್ನೇನು ಕಂಡೀತು? ದಸರಾ ಹೊತ್ತಿಗೆ ಬಂದು ನೋಡು. ಭತ್ತ ತೆನೆ ಕಟ್ಟುವ ಹೊತ್ತು ಅದು. ಎತ್ತ ನೋಡಿದರೂ ಹಸಿರು, ಆ ಹಸಿರಿನ ಮಧ್ಯೆ ಆನೆ ಗಾತ್ರದ ಬಂಡೆಗಳು. ಬಂಡೆ ಕೆಂಪು, ಗದ್ದೆ ಹಸಿರು, ಕಾಲುವೆ ತುಂಬ ನೀರು, ಬೆಳ್ಳಕ್ಕಿ ಹಿಂಡು. ಕೊಡಗಿನಲ್ಲಿ ಹಸಿರು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಇಂಥ ಹಸಿರು ಅಲ್ಲಿಲ್ಲ.

ಈಗ ದಾರಿ ಹೇಳುತ್ತೇನೆ, ಬರೆದುಕೋ. ಬೆಂಗಳೂರಿನಿಂದ ಹೊಸಪೇಟೆಗೆ ಸುಮಾರು 340 ಕಿಲೋಮೀಟರ್. ಬೆಳಗಿನ ಐದಕ್ಕೆ ಮುಂಚೆ ನೆಲಮಂಗಲ ದಾಟಬೇಕು. ರಜೆ ಶುರುವಾದ ದಿನ ಆರೂವರೆಗೆ ಹೊರಟರೆ ಅಲ್ಲೇ ಎರಡು ತಾಸು ಹೋಗುತ್ತದೆ, ಮಕ್ಕಳು ಆಗಲೇ ಜಗಳ ಶುರು ಮಾಡಿರುತ್ತವೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಶಿರಾ, ಹಿರಿಯೂರು, ಚಿತ್ರದುರ್ಗ. ಅಲ್ಲಿ ಬಲಕ್ಕೆ ತಿರುಗಿದರೆ ಹೊಸಪೇಟೆ ದಾರಿ. ರಸ್ತೆ ಚೆನ್ನಾಗಿದೆ, ಅದಕ್ಕೇ ನಿನ್ನ ಗಂಡನಿಗೆ ಜೋರಾಗಿ ಓಡಿಸಬೇಡ ಅಂತ ಹೇಳು. ಕೂಡ್ಲಿಗಿ ಆದ ಮೇಲೆ ಮರಿಯಮ್ಮನಹಳ್ಳಿ ಹತ್ತಿರ ಎಡಗಡೆ ನೋಡುತ್ತಿರಿ. ತುಂಗಭದ್ರಾ ಡ್ಯಾಮಿನ ಹಿನ್ನೀರು ಕಾಣುತ್ತದೆ. ಸಮುದ್ರ ಬಂತು ಅಂತ ನಿನ್ನ ಮಗ ಕೂಗದಿದ್ದರೆ ಕೇಳು.

ಡ್ಯಾಮ್ ಹತ್ತಿರ ಇಳಿಯಿರಿ. ಆಚೆ ದಡ ಹೊಸಪೇಟೆ, ಈಚೆ ದಡ ಮುನಿರಾಬಾದ್, ನಮ್ಮ ಕೊಪ್ಪಳ ಜಿಲ್ಲೆ. 33 ಗೇಟು ಇವೆ, ಮಕ್ಕಳಿಗೆ ಎಣಿಸಲು ಹೇಳು. 19ನೆಯದು ಬಂದಾಗ ನಿಲ್ಲಿಸು. 2024ರ ಆಗಸ್ಟ್ 10ರ ರಾತ್ರಿ ಆ ಗೇಟು ಚೈನ್ ತುಂಡಾಗಿ ಕೊಚ್ಚಿಕೊಂಡು ಹೋಗಿತ್ತು. ಡ್ಯಾಮ್ ತುಂಬಿ ಎಲ್ಲರೂ ಖುಷಿಯಾಗಿದ್ದ ಹೊತ್ತು. ನಮ್ಮ ಓಣಿಯಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ನೀರು ಊರಿಗೆ ನುಗ್ಗುತ್ತದೆ ಅನ್ನುವ ಭಯಕ್ಕಿಂತ, ನೀರೆಲ್ಲಾ ಹೋಗಿಬಿಟ್ಟರೆ ಭತ್ತದ ಗತಿ ಏನು ಅನ್ನುವುದೇ ಎಲ್ಲರ ಮಾತು. ಒಂದು ವಾರ ಟಿವಿ ಮುಂದೆ ಕೂತಿದ್ದೆವು. ಹರಿಯುವ ನೀರಿನಲ್ಲೇ ಕಬ್ಬಿಣದ ಹಲಗೆ ಇಳಿಸಿ ತಡೆದಾಗ ಪಕ್ಕದ ಮನೆಯವರು ಪೇಡೆ ಹಂಚಿದರು. ನಿನ್ನ ಮಕ್ಕಳಿಗೆ ಇದನ್ನು ಹೇಳು. ಅವರು ಬೆಂಗಳೂರಿನಲ್ಲಿ ತಿನ್ನುವ ಸೋನಾ ಮಸೂರಿ ಈ ಗೇಟಿನ ಹಿಂದಿನ ನೀರಿನಿಂದ ಬಂದಿರಬಹುದು.

ಹಾಂ, ಒಂದು ಮಾತು. ಹೊರಡುವ ಮುಂಚೆ ನನಗೆ ಫೋನ್ ಮಾಡಿ "ಕಾಲುವೆಗೆ ನೀರು ಬಿಟ್ಟಿದ್ದಾರಾ" ಅಂತ ಕೇಳು. ಹವಾಮಾನ ನೋಡಬೇಡ, ಕಾಲುವೆ ಕೇಳು. ನೀರು ಬಿಟ್ಟಿದ್ದರೆ ನಾನು ಹೇಳಿದ್ದೆಲ್ಲಾ ನಿಜ. ಬಿಟ್ಟಿಲ್ಲದಿದ್ದರೆ ಭಾವ ಹೇಳಿದ್ದೇ ನಿಜ.

ಮುನಿರಾಬಾದಿನಿಂದ ಹುಲಿಗಿ. ಹುಲಿಗೆಮ್ಮನಿಗೆ ಕೈ ಮುಗಿದುಕೊಂಡು ಬನ್ನಿ. ಆದರೆ ಮಂಗಳವಾರ, ಶುಕ್ರವಾರ ಆಗಿದ್ದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ದೂರದಿಂದಲೇ ಮುಗಿಯಿರಿ, ತಾಯಿ ಏನೂ ಅಂದುಕೊಳ್ಳುವುದಿಲ್ಲ. ಅಲ್ಲಿಂದ ಶಿವಪುರ, ಸಾಣಾಪುರ, ಆನೆಗುಂದಿ. ಇದೇ ನಾನು ಹೇಳಬೇಕು ಅಂದುಕೊಂಡ ದಾರಿ. ಹೆದ್ದಾರಿ ಹಿಡಿದು ಗಂಗಾವತಿಗೆ ಬೇಗ ಬರಬಹುದು, ಆದರೆ ಬರಬೇಡಿ. ಸಂಜೆ ನಾಲ್ಕಕ್ಕೆ ಈ ದಾರಿ ಹಿಡಿಯಿರಿ. ಬಲಗಡೆ ಹೊಳೆ, ಎಡಗಡೆ ಗುಡ್ಡ, ಮಧ್ಯೆ ಗದ್ದೆ, ಬಾಳೆ ತೋಟ. ಸಣ್ಣ ರಸ್ತೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ನೀವೇ ಪಕ್ಕಕ್ಕೆ ಸರಿಯಬೇಕು. ಕಿಟಕಿ ಇಳಿಸಿ ಬನ್ನಿ, ಏಸಿ ಬೇಡ. ನೀರು ನಿಂತ ಗದ್ದೆಯ ವಾಸನೆ ಒಳಗೆ ಬರಲಿ.

ಸಾಣಾಪುರ ಕೆರೆಯಲ್ಲಿ ಹರಿಗೋಲು ಇದೆ. ಹತ್ತುವ ಮುಂಚೆ ಲೈಫ್ ಜಾಕೆಟ್ ಕೇಳಿ, ಕೊಡದಿದ್ದರೆ ಇಳಿದು ಬನ್ನಿ. ಹೊಳೆಯಲ್ಲಿ ಮಾತ್ರ ಯಾರೂ ಈಜುವ ಹುಚ್ಚು ಮಾಡಬೇಡಿ. ಬಂಡೆ ಮೇಲಿಂದ ಹಾರಿದವರು ವಾಪಸ್ ಬರದ ಸುದ್ದಿ ನಾವು ಇಲ್ಲಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಮೇಲೆ ನೋಡಲು ನೀರು ಸುಮ್ನೆ ಇರುತ್ತದೆ, ಒಳಗೆ ಸುಳಿ. ನೋಡಲು ಬೇಕಾದಷ್ಟಿದೆ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆ ಅಂತಲೇ ಮೀಸಲು ಮಾಡಿದ್ದಾರೆ. ಬೆಳಗ್ಗೆ ಬೇಗ ಎದ್ದು ದಡದಲ್ಲಿ ಗಲಾಟೆ ಮಾಡದೆ ಕೂತರೆ ಕಾಣಬಹುದು. ನಿನ್ನ ಮಕ್ಕಳು ಗಲಾಟೆ ಮಾಡದೆ ಕೂರುವುದು ನನಗೆ ಅನುಮಾನ, ಆ ಮಾತು ಬೇರೆ.

ಮಲಗಲು ನಮ್ಮ ಮನೆ ಇದೆ. ಆದರೂ ಒಂದು ರಾತ್ರಿ ಆನೆಗುಂದಿಯಲ್ಲಿ ಉಳಿಯಿರಿ, ನನಗೇನೂ ಬೇಸರ ಇಲ್ಲ. ಹಳೇ ಊರು ಅದು. ವಿಜಯನಗರ ಕಟ್ಟುವ ಮುಂಚೆಯೇ ಇದ್ದ ಕೋಟೆ. ಗಗನ ಮಹಲ್, ರಂಗನಾಥನ ಗುಡಿ, ಕಲ್ಲಿನ ಬಾಗಿಲು, ಅದರ ಕೆಳಗೇ ಎಮ್ಮೆ ಹೊಡೆದುಕೊಂಡು ಹೋಗುವ ಹುಡುಗರು. ಬಾಳೆ ನಾರಿನಿಂದ ಬುಟ್ಟಿ, ಚೀಲ ಹೆಣೆಯುವ ಹೆಂಗಸರು ಇದ್ದಾರೆ. ಅವರ ಹತ್ತಿರ ಚೌಕಾಸಿ ಮಾಡಬೇಡ, ಒಂದು ಬುಟ್ಟಿಗೆ ಎಷ್ಟು ಹೊತ್ತು ಕೂರಬೇಕು ನೋಡಿದ್ದೇನೆ. ಅಂಜನಾದ್ರಿಗೆ 575 ಮೆಟ್ಟಿಲು. ಶನಿವಾರ ಬೇಡವೇ ಬೇಡ, ಜಾತ್ರೆ ಇದ್ದ ಹಾಗಿರುತ್ತದೆ. ನೀನು ಮಕ್ಕಳನ್ನು ಕರೆದುಕೊಂಡು ಹತ್ತು, ಅತ್ತೆಯನ್ನು ಪಂಪಾ ಸರೋವರದ ಹತ್ತಿರ ಕೂರಿಸು. ನವವೃಂದಾವನಕ್ಕೆ ಹೋಗಬೇಕು ಅಂತ ಅವರು ಹೇಳಬಹುದು. ಅದು ಹೊಳೆ ಮಧ್ಯದ ನಡುಗಡ್ಡೆ. ಡ್ಯಾಮಿನಿಂದ ನೀರು ಬಿಟ್ಟಿದ್ದರೆ ದೋಣಿ ಬಿಡುವುದಿಲ್ಲ, ಹಟ ಮಾಡಬೇಡಿ.

ಎರಡನೇ ದಿನ ಬೆಳಗ್ಗೆ ಹಿರೇಬೆಣಕಲ್. ಗಂಗಾವತಿಯಿಂದ 10–12 ಕಿಲೋಮೀಟರ್, ಕೊಪ್ಪಳ ರಸ್ತೆ ಕಡೆ. ಇದನ್ನು ಮಾತ್ರ ಬಿಡಬೇಡ. ಊರಿನಿಂದ ಗುಡ್ಡ ಹತ್ತಬೇಕು, ಒಂದು ತಾಸಿಗಿಂತ ಜಾಸ್ತಿ ನಡಿಗೆ, ಮೇಲೆ ನೆರಳಿಲ್ಲ, ಅಂಗಡಿ ಇಲ್ಲ, ನೀರಿಲ್ಲ. ಎಲ್ಲಾ ಹೊತ್ತುಕೊಂಡು ಹೋಗಬೇಕು. ಆರಕ್ಕೆ ಹತ್ತಲು ಶುರು ಮಾಡಿ. ಊರಿನ ಹುಡುಗ ಒಬ್ಬನನ್ನು ಜೊತೆಗೆ ಕರೆದುಕೊಳ್ಳಿ, ಇಲ್ಲದಿದ್ದರೆ ದಾರಿ ತಪ್ಪುತ್ತದೆ. ಮೇಲೆ ಹೋದರೆ ಕಲ್ಲಿನ ಮನೆಗಳು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೆ ಒಂದು ಚಪ್ಪಡಿ ಮುಚ್ಚಿದ್ದು, ಒಂದು ಚಪ್ಪಡಿಯಲ್ಲಿ ದುಂಡನೆ ತೂತು. ಒಂದಲ್ಲ ಎರಡಲ್ಲ, ನೂರಾರು. ಎರಡು ಸಾವಿರ ವರ್ಷಕ್ಕೂ ಹಳೆಯವು, ಸತ್ತವರಿಗಾಗಿ ಕಟ್ಟಿದ್ದು. ಜನ ಮಾತ್ರ ಇವು ಮೋರೇರ ಮನೆ ಅನ್ನುತ್ತಾರೆ. ಮೋರೇರು ಅಂದರೆ ಮೂರಡಿ ಎತ್ತರದ ಗಿಡ್ಡ ಜನರಂತೆ, ಅವರು ಆ ತೂತಿನಲ್ಲಿ ಒಳಗೆ ಹೋಗುತ್ತಿದ್ದರಂತೆ. ನಾನು ಚಿಕ್ಕವಳಿದ್ದಾಗ ನನ್ನ ಅವ್ವ ಇದೇ ಕಥೆ ಹೇಳಿ ಊಟ ಮಾಡಿಸುತ್ತಿದ್ದಳು. ನಾನು ಹತ್ತಿದ್ದು ಮಾತ್ರ ಐವತ್ತು ದಾಟಿದ ಮೇಲೆ. ಅಲ್ಲೇ ಎತ್ತರದ ಬಂಡೆ ಮೇಲೆ ನಗಾರಿ ಆಕಾರದ ಕಲ್ಲಿದೆ, ಇನ್ನೊಂದು ಕಲ್ಲಿನಿಂದ ಹೊಡೆದರೆ ದೂರಕ್ಕೆ ಕೇಳಿಸುತ್ತದೆ. 2021ರಲ್ಲಿ ಈ ಗುಡ್ಡ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಹಾಗಂತ ಅಲ್ಲಿ ಜನಜಂಗುಳಿ ಇಲ್ಲ. ನಾವು ಹೋದ ದಿನ ಇದ್ದದ್ದು ನಾವಿಬ್ಬರು, ಮತ್ತೆ ಒಂದು ಹಿಂಡು ಕುರಿ.

ಅಷ್ಟು ಹೊತ್ತು ಅತ್ತೆ ಏನು ಮಾಡಬೇಕು? ಅವರನ್ನು ನಾನು ಕನಕಗಿರಿಗೆ ಕರೆದುಕೊಂಡು ಹೋಗುತ್ತೇನೆ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ಗಾದೆ ಇದೆಯಲ್ಲ. ಅವರ ಕಾಲು ಸೋತಿದೆ, ಕಣ್ಣು ಚೆನ್ನಾಗಿದೆ. ಕನಕಾಚಲಪತಿ ಗುಡಿಯ ಕಂಬಗಳನ್ನು ನೋಡುತ್ತಾ ಕೂತರೆ ಸಾಕು. ಬರುವಾಗ ಮಂಡಾಳ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬರುತ್ತೇವೆ.

ಕುಕ್ಕರ್ ಕೂಗಿತು ನೋಡಿ. ಇರಲಿ, ಇನ್ನೊಂದು ಸೀಟಿ ಬೇಕು.

ಒಂದು ಎಚ್ಚರಿಕೆ. ಫೋನಿನ ಮ್ಯಾಪ್ ಹೇಳಿದ ಅಡ್ಡದಾರಿಗೆಲ್ಲಾ ಇಳಿಯಬೇಡಿ. ಹೋದ ವರ್ಷ ನಿಮ್ಮ ಚಿಕ್ಕಪ್ಪ ಎಂಟು ನಿಮಿಷ ಉಳಿಯುತ್ತದೆ ಅಂತ ಕಾಲುವೆಯ ಏರಿ ಮೇಲಿನ ದಾರಿ ಹಿಡಿದರು. ಹಿಂದಿನ ದಿನ ಮಳೆ ಬಂದಿತ್ತು. ನಮ್ಮ ಎರೆಮಣ್ಣು ಗೊತ್ತಲ್ಲ, ಒದ್ದೆಯಾದರೆ ಬೆಣ್ಣೆ. ಕಾರು ಜಾರಿ ಒಂದು ಗಾಲಿ ಗದ್ದೆಗೆ ಇಳಿಯಿತು. ಇನ್ನೊಂದು ಕಡೆ ಜಾರಿದ್ದರೆ ಕಾಲುವೆ. ನಾನು ಹುಲಿಗೆಮ್ಮನನ್ನು ಕೂಗಿದೆ, ಬಂದದ್ದು ಟ್ರ್ಯಾಕ್ಟರ್‌ನವನು. ಹಗ್ಗ ಕಟ್ಟಿ ಎಳೆದ. ದುಡ್ಡು ಕೊಟ್ಟರೆ ಬೇಡ ಅಂದ. "ನಿಮ್ಮ ಫೋನಿಗೆ ಗೊತ್ತಿಲ್ಲ ಸರಿ, ನೀವು ಗಂಗಾವತಿಯವರಲ್ವಾ?" ಅಂತ ಕೇಳಿದ. ನಿಮ್ಮ ಚಿಕ್ಕಪ್ಪ ಮನೆ ಬರುವವರೆಗೆ ಮಾತಾಡಲಿಲ್ಲ. ಈಗಲೂ ಈ ಕಥೆ ಶುರು ಮಾಡಿದರೆ ಎದ್ದು ಹೋಗುತ್ತಾರೆ. ಅಗೋ, ಹೋದರು.

ಮೂರನೇ ದಿನ ವಾಪಸ್ ಹೋಗುವಾಗ ಬಂದ ದಾರಿಯಲ್ಲೇ ಹೋಗಬೇಡಿ. ಹೊಸಪೇಟೆಯಿಂದ ಸಂಡೂರಿಗೆ ತಿರುಗಿ, ಅಲ್ಲಿಂದ ಕೂಡ್ಲಿಗಿಗೆ ಬಂದರೆ ಮತ್ತೆ ಹೆದ್ದಾರಿ ಸಿಗುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ ಇಂಥ ಕಾಡು ಇದೆಯಾ ಅಂತ ನಿನ್ನ ಗಂಡ ಕೇಳದಿದ್ದರೆ ಹೇಳು. ನಾರಿಹಳ್ಳದ ಡ್ಯಾಮ್, ಎರಡು ಗುಡ್ಡದ ನಡುವಿನ ಗಂಡಿ, ಕುಮಾರಸ್ವಾಮಿ ಗುಡಿ. ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ ಅಂತ ಗಾಂಧೀಜಿ ಹೇಳಿದ್ದರು ಅಂತ ಸಂಡೂರಿನವರು ಈಗಲೂ ಹೇಳಿಕೊಳ್ಳುತ್ತಾರೆ. ಅದೇ ಗುಡ್ಡಗಳನ್ನು ಅದಿರಿಗಾಗಿ ಅಗೆದದ್ದೂ ಕಾಣುತ್ತದೆ. ಕೆಂಪು ಧೂಳು, ಲಾರಿ ಸಾಲು. ಅದನ್ನೂ ನೋಡಲಿ ಮಕ್ಕಳು. ಲಂಬಾಣಿ ಕಸೂತಿ ತೆಗೆದುಕೊಳ್ಳುವುದಿದ್ದರೆ ಸಂಡೂರಿನಲ್ಲೇ ತಗೋ. ಕತ್ತಲಾಗುವ ಮುಂಚೆ ಆ ರಸ್ತೆ ಬಿಟ್ಟಿರಬೇಕು, ಲಾರಿ ಹಿಂದೆ ರಾತ್ರಿ ಓಡಿಸುವುದು ತಲೆನೋವು.

ದರೋಜಿ ಕರಡಿ, ಇಟಗಿಯ ಮಹಾದೇವ ಗುಡಿ, ಕಿನ್ನಾಳದ ಬಣ್ಣದ ಗೊಂಬೆ, ರಾಯಚೂರು ಕಡೆ ಜಲದುರ್ಗ, ಮುದಗಲ್ಲು ಕೋಟೆ, ಇವನ್ನೆಲ್ಲಾ ಈ ಮೂರು ದಿನಕ್ಕೆ ತುರುಕಬೇಡ. ನಿನ್ನ ಸ್ವಭಾವ ನನಗೆ ಗೊತ್ತು, ಪಟ್ಟಿ ಮಾಡಿಕೊಂಡು ಬರುತ್ತೀಯ. ಇಟಗಿ ಬಿಡಲಾಗುವುದಿಲ್ಲ ಅಂದರೆ ಇನ್ನೊಂದು ದಿನ ರಜೆ ಹಾಕು. 1112ರಲ್ಲಿ ಕಟ್ಟಿದ ಗುಡಿ, ಮುಂದಿನ ದಸರಾಕ್ಕೂ ಅಲ್ಲೇ ಇರುತ್ತದೆ.

ಸರಿ, ಅನ್ನ ಇಳಿಸಬೇಕು. ಯಾವ ದಿನ ಹೊರಡುತ್ತೀರಿ ಅಂತ ನಾಳೆಯೊಳಗೆ ಹೇಳು, ಆನೆಗುಂದಿಯಲ್ಲಿ ರೂಮು ವಿಚಾರಿಸಿ ಇಡುತ್ತೇನೆ. ದಸರಾಕ್ಕೆ ಬೇಗ ತುಂಬಿಬಿಡುತ್ತದೆ. ಮತ್ತೆ ಬರುವಾಗ ನಿಮ್ಮ ಅಮ್ಮನ ಮನೆಯಲ್ಲಿರುವ ನನ್ನ ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರ್ ತಗೊಂಡು ಬಾ. ಎರಡು ವರ್ಷದಿಂದ ಕೇಳುತ್ತಿದ್ದೇನೆ. ಅಕ್ಕ, ನೀನೂ ಇದನ್ನು ಕೇಳುತ್ತಿದ್ದೀಯ ಅಂತ ಗೊತ್ತು.